ಮನೆಯ ವಿಡಿಯೊಗಳಿಗೆ ಮಾತಿನ ಗುಳ್ಳೆ ಕೂಡಿಸುವ ಕ್ರಮ

ಮೊಬೈಲ್‌ನಲ್ಲಿ ಹಿಡಿದಿಟ್ಟ ಮನೆಯ ವಿಡಿಯೊಗಳಲ್ಲಿ ಯಾರೂ ಮಾತನಾಡದ ತುಣುಕುಗಳೇ ಹಲವು ಸಲ ಹೆಚ್ಚು ಚೆನ್ನಾಗಿರುತ್ತವೆ. ಅನ್ನಪ್ರಾಶನದ ದಿನ ಮೊದಲ ತುತ್ತು ನಾಲಿಗೆಗೆ ತಾಗಿದೊಡನೆ ಮಗು ಮುಖ ಕಿವಿಚುತ್ತದೆ. ಅಡುಗೆಮನೆಯ ಕಟ್ಟೆಯ ಮೇಲಿನ ಒಬ್ಬಟ್ಟಿನ ತಟ್ಟೆಯನ್ನು ಬೆಕ್ಕು ದೂರದಿಂದಲೇ ನೋಡಿ ಲೆಕ್ಕ ಹಾಕುತ್ತದೆ. ಗೃಹಪ್ರವೇಶದ ಹೋಮದ ಮುಂದೆ ಕೂತ ಭಾವ ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ ಪುರೋಹಿತರ ಕಡೆ ನೋಡುತ್ತಾರೆ. ಇಂಥ ಕಡೆ, ಕಾಮಿಕ್ಸ್ ಪುಸ್ತಕಗಳಲ್ಲಿ ಬರುವ ಹಾಗೆ ಒಂದು ಬಿಳಿಯ ಗುಳ್ಳೆಯೂ ಅದರೊಳಗೆ ಮೂರು ನಾಲ್ಕು ಪದಗಳೂ ಬಂದರೆ, ಹತ್ತು ಸೆಕೆಂಡಿನ ಸಾಮಾನ್ಯ ತುಣುಕು ಮನೆಮಂದಿಯೆಲ್ಲ ಮತ್ತೆ ಮತ್ತೆ ನೋಡುವಂಥದ್ದಾಗುತ್ತದೆ.

ಈ ಕೆಲಸಕ್ಕೆ ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ. ಗುಳ್ಳೆಯನ್ನು ಬಿಡಿಸಲು ಇಂಕ್‌ಸ್ಕೇಪ್, ಅದನ್ನು ವಿಡಿಯೊದ ಮೇಲೆ ಕೂರಿಸಲು ಶಾಟ್‌ಕಟ್, ಇವೆರಡು ಸಾಕು. ಎರಡೂ ಮುಕ್ತ ತಂತ್ರಾಂಶಗಳು, ಉಚಿತವಾಗಿ ಸಿಗುತ್ತವೆ, ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ಮೂರರಲ್ಲೂ ನಡೆಯುತ್ತವೆ. ಕೇಡೆನ್‌ಲೈವ್ ಅಥವಾ ಡವಿಂಚಿ ರಿಸಾಲ್ವ್‌ನಂಥ ಬೇರೆ ವಿಡಿಯೊ ಎಡಿಟರ್ ಬಳಸಿ ರೂಢಿಯಿರುವವರು ಅದರಲ್ಲೇ ಮುಂದುವರಿಯಬಹುದು. ಮೆನುಗಳ ಹೆಸರು ಬೇರೆಯಾದರೂ ಕೆಲಸದ ಕ್ರಮ ಇದೇ. ಕನ್ನಡದಲ್ಲಿ ಗುಳ್ಳೆ ಮಾಡುವವರಿಗೆ ನಾನು ಒತ್ತಿ ಹೇಳುವುದು ಒಂದೇ: ಅಕ್ಷರಗಳನ್ನು ವಿಡಿಯೊ ಎಡಿಟರ್‌ನಲ್ಲಿ ಟೈಪ್ ಮಾಡಬೇಡಿ, ಗುಳ್ಳೆಯನ್ನೂ ಮಾತನ್ನೂ ಸೇರಿಸಿ ಒಂದೇ ಚಿತ್ರವಾಗಿ ಸಿದ್ಧಪಡಿಸಿಕೊಂಡು ಆ ಚಿತ್ರವನ್ನು ವಿಡಿಯೊದ ಮೇಲೆ ಇಡಿ. ಇದರ ಕಾರಣ ಮುಂದೆ ಬರುತ್ತದೆ.

ತುಣುಕಿನ ಆಯ್ಕೆ ಮತ್ತು ಮಾತಿನ ಬರವಣಿಗೆ

ಗುಳ್ಳೆಯು ಸಬ್‌ಟೈಟಲ್ ಅಲ್ಲ. ವಿಡಿಯೊದಲ್ಲಿ ಅಜ್ಜಿ ಸ್ಪಷ್ಟವಾಗಿ ಆಡಿದ ಮಾತನ್ನೇ ಗುಳ್ಳೆಯಲ್ಲಿ ಬರೆದರೆ ಕಿವಿಗೆ ಬಿದ್ದದ್ದು ಕಣ್ಣಿಗೂ ಬಿದ್ದಂತಾಗುತ್ತದೆಯೇ ಹೊರತು ಹೊಸದೇನೂ ಸೇರುವುದಿಲ್ಲ. ಅಜ್ಜಿ ಒಂದು ಹೇಳುತ್ತಿರುವಾಗ ಗುಳ್ಳೆಯಲ್ಲಿ ಬೇರೆಯದನ್ನು ಬರೆದರಂತೂ ನೋಡುವವರು ಎರಡನ್ನೂ ಕಳೆದುಕೊಳ್ಳುತ್ತಾರೆ. ಆದ್ದರಿಂದ ಮಾತಿಲ್ಲದ ತುಣುಕನ್ನು ಆರಿಸಿ. ಗಾಳಿಯ ಸದ್ದು, ಮಿಕ್ಸಿಯ ಸದ್ದು ಅಥವಾ ಛತ್ರದ ಓಲಗದ ಅಬ್ಬರದಲ್ಲಿ ಮಾತು ಕೇಳಿಸದೇ ಹೋದ ತುಣುಕುಗಳೂ ಇದಕ್ಕೆ ಒದಗುತ್ತವೆ.

ಮುಖ ಕಾಣುವಂತಿರಬೇಕು, ಮುಖದ ಪಕ್ಕದಲ್ಲೋ ಮೇಲೆಯೋ ಗುಳ್ಳೆ ಕೂರುವಷ್ಟು ಖಾಲಿ ಜಾಗವಿರಬೇಕು, ಮತ್ತು ಆ ವ್ಯಕ್ತಿ ಎರಡು ಮೂರು ಸೆಕೆಂಡಾದರೂ ಹೆಚ್ಚು ಕದಲದೆ ಇರಬೇಕು. ಈ ಮೂರೂ ಇರುವ ತುಣುಕನ್ನು ಹುಡುಕಿಕೊಂಡರೆ ಮುಂದಿನ ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮುಂದೆ ಗುಳ್ಳೆ ಹಾಕುವ ಉದ್ದೇಶದಿಂದಲೇ ಚಿತ್ರೀಕರಿಸುವುದಾದರೆ ಮೊಬೈಲನ್ನು ಅಡ್ಡ ಹಿಡಿದು, ವ್ಯಕ್ತಿಯನ್ನು ಚೌಕಟ್ಟಿನ ನಡುವಿನಿಂದ ಸ್ವಲ್ಪ ಕೆಳಕ್ಕೂ ಒಂದು ಬದಿಗೂ ಇರಿಸಿಕೊಳ್ಳಿ. ಗೋಡೆ, ಆಕಾಶ, ಪರದೆ ಇಂಥ ಸರಳ ಹಿನ್ನೆಲೆಯ ಎದುರು ಗುಳ್ಳೆ ಚೆನ್ನಾಗಿ ಎದ್ದು ಕಾಣುತ್ತದೆ.

ಮಾತನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಬರಹದ ಕನ್ನಡ ಗುಳ್ಳೆಯೊಳಗೆ ಬದುಕುವುದಿಲ್ಲ. ‘ಇನ್ನೂ ಎಷ್ಟು ಹೊತ್ತು ಕಾಯಬೇಕು?’ ಎಂಬುದಕ್ಕಿಂತ ‘ಇನ್ನೂ ಎಷ್ಟೊತ್ರೀ?’ ಎಂಬುದು ಚಿಕ್ಕದು, ಅದರಲ್ಲಿ ಆಡುವವರ ದನಿಯೂ ಇದೆ. ನಿಮ್ಮ ಮನೆಯಲ್ಲಿ ಧಾರವಾಡದ ಕಡೆಯ ಮಾತಿದ್ದರೆ ‘ಏನ್ ಮಾಡಾಕತ್ತೀರಿ?’ ಎಂದೇ ಬರೆಯಿರಿ. ಮಂಗಳೂರಿನ ಕಡೆಯವರಾದರೆ ‘ಎಂತ ಮಾರಾಯ್ರೆ ಇದು!’ ಎಂದು ಬರೆಯಿರಿ. ಆ ವ್ಯಕ್ತಿ ನಿಜಕ್ಕೂ ಹೇಗೆ ಮಾತನಾಡುತ್ತಾರೋ ಹಾಗೆಯೇ ಬರೆದರೆ ಮಾತ್ರ ಮನೆಯವರು ನಗುತ್ತಾರೆ. ಬರೆದ ಮೇಲೆ ಅದರಲ್ಲಿ ಯಾವ ಪದವನ್ನು ತೆಗೆದರೂ ನಡೆಯುತ್ತದೆಯೋ ಅದನ್ನು ತೆಗೆದುಬಿಡಿ. ಒಂದು ಗುಳ್ಳೆಗೆ ಆರು ಪದ ಮೀರಿದರೆ ನನಗೆ ಅದು ಹೆಚ್ಚೆನಿಸುತ್ತದೆ, ಏಕೆಂದರೆ ನೋಡುವವರು ಓದುವುದರ ಜೊತೆಗೆ ಮುಖವನ್ನೂ ನೋಡಬೇಕಾಗಿರುತ್ತದೆ.

ಅನ್ನಪ್ರಾಶನದ ತುಣುಕನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹನ್ನೆರಡು ಸೆಕೆಂಡಿನ ಈ ತುಣುಕಿನಲ್ಲಿ ಅಜ್ಜಿಯ ತೊಡೆಯ ಮೇಲೆ ಮಗು ಕೂತಿದೆ. ಅಜ್ಜಿ ಪಾಯಸ ತಿನ್ನಿಸುತ್ತಾರೆ. ಮಗು ಮುಖ ಕಿವಿಚಿ, ಮತ್ತೊಂದು ಚಮಚ ಬರುವಷ್ಟರಲ್ಲಿ ತಲೆ ತಿರುಗಿಸುತ್ತದೆ. ಇಲ್ಲಿ ಮಗುವಿಗೆ ‘ಇದೇನಪ್ಪಾ ಇದು?’ ಎಂಬ ಯೋಚನೆ, ಅಜ್ಜಿಗೆ ‘ಇನ್ನೊಂದೇ ತುತ್ತು, ಚಿನ್ನಾ’ ಎಂಬ ಮಾತು, ಕೊನೆಗೆ ಮಗುವಿಗೆ ‘ಸಾಕು!’ ಎಂಬ ಕೂಗು, ಹೀಗೆ ಮೂರು ಗುಳ್ಳೆ ಹಿಡಿಯುತ್ತವೆ. ನಾಲ್ಕನೆಯದಕ್ಕೆ ಜಾಗವಿಲ್ಲ.

ಇನ್ನೊಬ್ಬರ ಬಾಯಿಗೆ ಮಾತು ಹಾಕುವ ಕೆಲಸ ಇದಾದ್ದರಿಂದ, ವಿಡಿಯೊ ಮನೆಯವರ ಗುಂಪನ್ನು ದಾಟಿ ಹೊರಗೆ ಹೋಗುವುದಿದ್ದರೆ ಅದರಲ್ಲಿರುವವರಿಗೆ ಮೊದಲೇ ತೋರಿಸಿ ಒಪ್ಪಿಗೆ ಪಡೆಯುವುದು ಅಗತ್ಯ. ಬೆಕ್ಕಿನ ವಿಷಯದಲ್ಲಿ ಈ ತಾಪತ್ರಯವಿಲ್ಲ.

ಗುಳ್ಳೆಯ ಆಕಾರ ಮತ್ತು ಬಾಲ

ಕಾಮಿಕ್ಸ್ ಓದಿದವರಿಗೆಲ್ಲ ಈ ಆಕಾರಗಳ ಅರ್ಥ ಗೊತ್ತಿರುತ್ತದೆ, ಆದ್ದರಿಂದ ಅವುಗಳನ್ನು ಬದಲಾಯಿಸಲು ಹೋಗಬಾರದು. ನಯವಾದ ಅಂಚಿನ ಗುಳ್ಳೆಗೆ ಚೂಪು ಬಾಲವಿದ್ದರೆ ಅದು ಮಾತು. ಮೋಡದಂತೆ ಉಬ್ಬುಬ್ಬಾದ ಅಂಚಿದ್ದು, ಬಾಲದ ಬದಲು ಮೂರು ಪುಟ್ಟ ವೃತ್ತಗಳು ದೊಡ್ಡದರಿಂದ ಚಿಕ್ಕದಾಗುತ್ತಾ ತಲೆಯ ಕಡೆಗೆ ಹೋದರೆ ಅದು ಮನಸ್ಸಿನ ಮಾತು. ಮುಳ್ಳುಮುಳ್ಳಾದ ಅಂಚು ಕೂಗಿಗೆ, ತುಂಡು ತುಂಡು ಗೆರೆಯ ಅಂಚು ಪಿಸುಮಾತಿಗೆ, ಮಿಂಚಿನಂತೆ ಅಂಕುಡೊಂಕಾದ ಬಾಲ ಫೋನಿನಿಂದಲೋ ಟಿವಿಯಿಂದಲೋ ಬರುವ ದನಿಗೆ ಸಲ್ಲುತ್ತದೆ. ಬಾಲವಿಲ್ಲದ ಆಯತವನ್ನು ‘ಅರ್ಧ ಗಂಟೆಯ ನಂತರ’ ಎಂಬಂಥ ನಿರೂಪಣೆಗೆ ಇಟ್ಟುಕೊಳ್ಳಬೇಕು. ಮಾತು ಬಾರದ ಮಗುವಿಗೂ ಪ್ರಾಣಿಗಳಿಗೂ ಮೋಡದ ಗುಳ್ಳೆಯೇ ಹೆಚ್ಚು ಒಪ್ಪುತ್ತದೆ, ಆದರೆ ‘ಸಾಕು!’ ಎಂಬ ಕಡೆಯ ಕೂಗಿಗೆ ಮುಳ್ಳಿನ ಗುಳ್ಳೆ ಹಾಕುವ ಸ್ವಾತಂತ್ರ್ಯವನ್ನು ಯಾರೂ ಪ್ರಶ್ನಿಸುವುದಿಲ್ಲ.

ಬಾಲವು ಆಡುವವರ ಬಾಯಿಯತ್ತ ತೋರಬೇಕು, ಬಾಯಿಯನ್ನು ಮುಟ್ಟಬಾರದು. ಗುಳ್ಳೆಯಿಂದ ಬಾಯಿಗಿರುವ ದೂರದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ದಾಟಿ ನಿಂತರೆ ಸಾಕು. ಒಂದೇ ಚೌಕಟ್ಟಿನಲ್ಲಿ ಇಬ್ಬರಿಗೆ ಗುಳ್ಳೆಗಳಿದ್ದರೆ, ಮೊದಲು ಓದಬೇಕಾದದ್ದು ಎಡಕ್ಕೂ ಮೇಲಕ್ಕೂ ಇರಬೇಕು, ಉತ್ತರವು ಬಲಕ್ಕೂ ಕೆಳಕ್ಕೂ ಬರಬೇಕು, ಏಕೆಂದರೆ ನಮ್ಮ ಕಣ್ಣು ಓದುವುದೇ ಆ ಕ್ರಮದಲ್ಲಿ. ಮೊದಲು ಮಾತನಾಡುವವರು ಬಲಗಡೆ ಕೂತಿದ್ದಾರೆಂದಾದರೆ ಅವರ ಗುಳ್ಳೆಯನ್ನು ಚೆನ್ನಾಗಿ ಮೇಲಕ್ಕೆ ಒಯ್ದು, ಎಡಗಡೆಯವರದ್ದನ್ನು ಕೆಳಗಿಟ್ಟು, ಎರಡು ಬಾಲಗಳು ಒಂದನ್ನೊಂದು ಅಡ್ಡ ಹಾಯದಂತೆ ನೋಡಿಕೊಳ್ಳಿ. ವಿಡಿಯೊದಲ್ಲಿ ನಮಗೊಂದು ಅನುಕೂಲವಿದೆ, ಅದು ಮುದ್ರಿತ ಪುಟಕ್ಕಿಲ್ಲ: ಎರಡನೆಯ ಗುಳ್ಳೆಯನ್ನು ಒಂದು ಸೆಕೆಂಡು ತಡವಾಗಿ ತಂದರೆ ಕ್ರಮದ ಗೊಂದಲವೇ ಉಳಿಯುವುದಿಲ್ಲ.

ಇಂಕ್‌ಸ್ಕೇಪ್‌ನಲ್ಲಿ ಬಿಡಿಸುವುದು

ಮೊದಲು ವಿಡಿಯೊವನ್ನು ಶಾಟ್‌ಕಟ್‌ನಲ್ಲಿ ತೆರೆದು, ಗುಳ್ಳೆ ಬರಬೇಕಾದ ಕ್ಷಣಕ್ಕೆ ತಂದು ನಿಲ್ಲಿಸಿ, ಫೈಲ್ ಮೆನುವಿನಲ್ಲಿರುವ ಎಕ್ಸ್‌ಪೋರ್ಟ್ ಫ್ರೇಮ್ ಆಯ್ಕೆಯಿಂದ ಆ ಒಂದು ಫ್ರೇಮನ್ನು ಚಿತ್ರವಾಗಿ ಉಳಿಸಿಕೊಳ್ಳಿ. ನಿಮ್ಮ ವಿಡಿಯೊ ಪೂರ್ಣ ಎಚ್‌ಡಿ ಆಗಿದ್ದರೆ ಈ ಚಿತ್ರದ ಅಳತೆ 1920 × 1080 ಪಿಕ್ಸೆಲ್ ಇರಬೇಕು. ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದದ್ದಾದರೆ 1080 × 1920.

ಇಂಕ್‌ಸ್ಕೇಪ್‌ನಲ್ಲಿ ಹೊಸ ದಾಖಲೆ ತೆರೆದು, ಡಾಕ್ಯುಮೆಂಟ್ ಪ್ರಾಪರ್ಟೀಸ್‌ನಲ್ಲಿ ಪುಟದ ಅಳತೆಯನ್ನು ಪಿಕ್ಸೆಲ್‌ಗಳಲ್ಲಿ ಅಷ್ಟಕ್ಕೇ ಹೊಂದಿಸಿ. ಉಳಿಸಿಕೊಂಡ ಚಿತ್ರವನ್ನು ಇಂಪೋರ್ಟ್ ಮಾಡಿ, ಅದು ಪುಟದ ಅಂಚಿಗೆ ಸರಿಯಾಗಿ ಕೂತಿದೆಯೇ, ಎಡ ಮತ್ತು ಮೇಲಿನ ಅಂತರ ಸೊನ್ನೆಯಿದೆಯೇ, ಉದ್ದಗಲ ಪುಟದಷ್ಟೇ ಇದೆಯೇ ಎಂದು ಮೇಲಿನ ಪಟ್ಟಿಯ ಅಂಕಿಗಳಲ್ಲಿ ನೋಡಿಕೊಳ್ಳಿ. ಬಳಿಕ ಆ ಚಿತ್ರವಿರುವ ಲೇಯರ್‌ಗೆ, ಅಂದರೆ ಪದರಕ್ಕೆ, ಬೀಗ ಹಾಕಿ, ಅದರ ಮೇಲೆ ಹೊಸ ಲೇಯರ್ ಮಾಡಿ ಅದರಲ್ಲಿ ಗುಳ್ಳೆಯನ್ನು ಬಿಡಿಸಿ. ನಿಜವಾದ ಮುಖವೇ ಕೆಳಗೆ ಕಾಣುತ್ತಿರುವುದರಿಂದ ಗುಳ್ಳೆಯ ಜಾಗವನ್ನೂ ಬಾಲದ ದಿಕ್ಕನ್ನೂ ಇಲ್ಲಿಯೇ ತೀರ್ಮಾನಿಸಬಹುದು.

ಗುಳ್ಳೆಯ ಮೈಗೆ ದೀರ್ಘವೃತ್ತಕ್ಕಿಂತ ಮೂಲೆಗಳನ್ನು ಚೆನ್ನಾಗಿ ದುಂಡಗೆ ಮಾಡಿದ ಆಯತವೇ ಕನ್ನಡಕ್ಕೆ ಮೇಲು ಎಂದು ನನ್ನ ಅಭಿಪ್ರಾಯ. ನಮ್ಮ ಪದಗಳು ಉದ್ದ. ದೀರ್ಘವೃತ್ತದ ಮೊದಲ ಮತ್ತು ಕೊನೆಯ ಸಾಲುಗಳಲ್ಲಿ ಅವು ಹಿಡಿಸುವುದಿಲ್ಲ, ಹಿಡಿಸಲು ಹೋದರೆ ಗುಳ್ಳೆ ಅರ್ಧ ಪರದೆಯನ್ನು ನುಂಗುತ್ತದೆ. ಆಯತವನ್ನು ಎಳೆದು ಮೂಲೆಯ ಹಿಡಿಕೆಯಿಂದ ದುಂಡಗೆ ಮಾಡಿ. ಬಾಲಕ್ಕಾಗಿ ಪೆನ್ ಉಪಕರಣದಿಂದ ಕಿರಿದಾದ, ಸ್ವಲ್ಪ ಬಾಗಿದ ತ್ರಿಕೋನವೊಂದನ್ನು ಬಿಡಿಸಿ, ಅದರ ಬುಡ ಗುಳ್ಳೆಯ ಒಳಕ್ಕೆ ಇಳಿದಿರುವಂತೆ ಇಟ್ಟು, ಎರಡನ್ನೂ ಆರಿಸಿಕೊಂಡು ಪಾತ್ ಮೆನುವಿನ ಯೂನಿಯನ್ ಒತ್ತಿ. ಹೀಗೆ ಒಂದಾಗಿಸದಿದ್ದರೆ ಗುಳ್ಳೆಗೂ ಬಾಲಕ್ಕೂ ನಡುವೆ ಗೆರೆಯೊಂದು ಹಾದು ಬಾಲವು ಅಂಟಿಸಿದಂತೆ ಕಾಣುತ್ತದೆ. ಮೋಡದ ಗುಳ್ಳೆಗೂ ಇದೇ ದಾರಿ. ಏಳೆಂಟು ವೃತ್ತಗಳನ್ನು ಒಂದರ ಮೇಲೊಂದು ಹಾಯುವಂತೆ ಸುತ್ತಲೂ ಜೋಡಿಸಿ, ನಡುವಿನ ಖಾಲಿ ಜಾಗಕ್ಕೊಂದು ದೊಡ್ಡ ವೃತ್ತವಿಟ್ಟು ಎಲ್ಲವನ್ನೂ ಯೂನಿಯನ್ ಮಾಡಬೇಕು. ಮುಳ್ಳಿನ ಗುಳ್ಳೆಗೆ ನಕ್ಷತ್ರದ ಉಪಕರಣದಲ್ಲಿ ಮೂಲೆಗಳನ್ನು ಇಪ್ಪತ್ತರ ಸುತ್ತಮುತ್ತ ಇಟ್ಟು, ರ‍್ಯಾಂಡಮೈಸ್ಡ್ ಎಂಬಲ್ಲಿ ಚೂರೇ ಚೂರು ಬೆಲೆ ಕೊಟ್ಟರೆ ಮುಳ್ಳುಗಳು ಕೈಯಲ್ಲಿ ಬಿಡಿಸಿದಂತೆ ಹೆಚ್ಚುಕಡಿಮೆಯಾಗುತ್ತವೆ.

ಒಳಬಣ್ಣ ಬಿಳಿ, ಅಂಚಿನ ಗೆರೆ ಕಪ್ಪು. 1080 ಪಿಕ್ಸೆಲ್ ಎತ್ತರದ ವಿಡಿಯೊದಲ್ಲಿ ಅಂಚಿನ ಗೆರೆ 4 ರಿಂದ 6 ಪಿಕ್ಸೆಲ್ ದಪ್ಪ ಇರಲಿ. ಅದಕ್ಕಿಂತ ತೆಳುವಾದ ಗೆರೆ ಕಂಪ್ಯೂಟರಿನಲ್ಲಿ ಅಂದವಾಗಿ ಕಂಡರೂ, ವಿಡಿಯೊ ಕುಗ್ಗಿದ ಮೇಲೆ ಮೊಬೈಲಿನಲ್ಲಿ ಮಿನುಗುತ್ತದೆ ಅಥವಾ ಒಡೆಯುತ್ತದೆ. ಪರದೆಯ ನಾಲ್ಕೂ ಅಂಚಿನಲ್ಲಿ ನೂರಕ್ಕೆ ಐದರಷ್ಟು, ಅಂದರೆ ಅಗಲದಲ್ಲಿ 96 ಪಿಕ್ಸೆಲ್, ಎತ್ತರದಲ್ಲಿ 54 ಪಿಕ್ಸೆಲ್ ಖಾಲಿ ಬಿಡಿ. ಜಾಲತಾಣಗಳಲ್ಲಿ ಹಾಕುವ ನೆಟ್ಟನೆಯ ವಿಡಿಯೊ ಆದರೆ ಕೆಳಭಾಗವನ್ನೂ ಬಲ ಅಂಚನ್ನೂ ಅಲ್ಲಿನ ಗುಂಡಿಗಳು ಮತ್ತು ವಿವರಣೆ ಮುಚ್ಚುವುದರಿಂದ ಗುಳ್ಳೆಯನ್ನು ಮೇಲಿನ ಅರ್ಧದಲ್ಲಿಯೇ ಇಡುವುದು ಕ್ಷೇಮ.

ಕನ್ನಡ ಅಕ್ಷರಗಳನ್ನು ಕೂರಿಸುವುದು

ಕನ್ನಡದ ಒತ್ತಕ್ಷರಗಳೂ ಸ್ವರಚಿಹ್ನೆಗಳೂ ಸರಿಯಾದ ಜಾಗಕ್ಕೆ ಹೋಗಿ ಕೂರಬೇಕಾದರೆ ತಂತ್ರಾಂಶವು ಅಕ್ಷರಗಳನ್ನು ಜೋಡಿಸುವ ವಿದ್ಯೆಯನ್ನು ಬಲ್ಲದ್ದಾಗಿರಬೇಕು. ಹಲವು ವಿಡಿಯೊ ಎಡಿಟರ್‌ಗಳಲ್ಲಿ, ಮುಖ್ಯವಾಗಿ ಅಲಂಕಾರಿಕ ಶೀರ್ಷಿಕೆಗಳ ಸಿದ್ಧ ಮಾದರಿಗಳಲ್ಲಿ, ಈ ಏರ್ಪಾಡು ಸಮರ್ಪಕವಾಗಿರುವುದಿಲ್ಲ. ‘ಅಜ್ಜಿ’ ಎಂದು ಬರೆದದ್ದು ಜ್ ಮತ್ತು ಜಿ ಬೇರೆಬೇರೆಯಾಗಿ ಒಡೆದು ಬರುತ್ತದೆ. ಫೋಟೊಶಾಪ್‌ನಲ್ಲೂ ಅಕ್ಷರ ವಿನ್ಯಾಸದ ಆಯ್ಕೆಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಇರದಿದ್ದರೆ ಇದೇ ತೊಂದರೆ. ಇಂಕ್‌ಸ್ಕೇಪ್ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ, ಮತ್ತು ಚಿತ್ರವಾಗಿ ಹೊರಬಂದ ಅಕ್ಷರವನ್ನು ಮುಂದೆ ಯಾವ ಎಡಿಟರ್ರೂ ಒಡೆಯಲಾರದು. ಅಕ್ಷರವನ್ನು ಎಡಿಟರ್‌ನಲ್ಲಿ ಟೈಪ್ ಮಾಡಬೇಡಿ ಎಂದು ಆರಂಭದಲ್ಲೇ ಹೇಳಿದ್ದು ಇದಕ್ಕಾಗಿ.

ಅಕ್ಷರಶೈಲಿಗಳಲ್ಲಿ ಗೂಗಲ್ ಫಾಂಟ್ಸ್‌ನಿಂದ ಉಚಿತವಾಗಿ ಇಳಿಸಿಕೊಳ್ಳಬಹುದಾದ ಬಾಲೂ ತಮ್ಮ 2 ನನಗೆ ಗುಳ್ಳೆಗೆ ಹೇಳಿ ಮಾಡಿಸಿದಂತೆ ತೋರುತ್ತದೆ. ದುಂಡಗಿದೆ, ದಪ್ಪಗಿದೆ, ಹಲವು ತೂಕಗಳಲ್ಲಿ, ಅಂದರೆ ಗೆರೆಯ ಹಲವು ದಪ್ಪಗಳಲ್ಲಿ, ಸಿಗುತ್ತದೆ. ಕೈಬರಹದ ಲವಲವಿಕೆ ಬೇಕೆನ್ನುವವರಿಗೆ ಅಕಾಯ ಕನಡಕ ಇದೆ. ನೋಟೊ ಸಾನ್ಸ್ ಕನ್ನಡ ಎಲ್ಲ ಕಡೆ ನಿಲ್ಲುತ್ತದೆ, ಆದರೆ ಅದರ ಗಾಂಭೀರ್ಯ ಸರ್ಕಾರಿ ಪ್ರಕಟಣೆಗೆ ಹೆಚ್ಚು ಹೊಂದುತ್ತದೆ. ಬಾಲವಿಲ್ಲದ ನಿರೂಪಣೆಯ ಆಯತಕ್ಕೆ ಅದನ್ನು ಬಳಸಬಹುದು. ಹಳೆಯ ನುಡಿ ತಂತ್ರಾಂಶದಲ್ಲಿ ಯೂನಿಕೋಡ್ ಅಲ್ಲದ ರೂಪದಲ್ಲಿ ಟೈಪ್ ಮಾಡಿಟ್ಟ ಮಾತನ್ನು ನೇರವಾಗಿ ಇಲ್ಲಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣಿಸುತ್ತದೆ, ಆದ್ದರಿಂದ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಮೂರು ನಾಲ್ಕು ಪದವಷ್ಟೇ ಆದ್ದರಿಂದ ಮತ್ತೆ ಟೈಪ್ ಮಾಡುವುದೇ ಸುಲಭ.

ಅಕ್ಷರದ ಗಾತ್ರ 1080 ಪಿಕ್ಸೆಲ್ ಎತ್ತರಕ್ಕೆ 56 ರಿಂದ 72 ಪಿಕ್ಸೆಲ್ ಇರಲಿ, ಸಾಲುಗಳನ್ನು ನಡುವಿಗೆ ಹೊಂದಿಸಿ. ಸಾಲಿನ ಅಂತರದ ವಿಷಯದಲ್ಲಿ ಕನ್ನಡಕ್ಕೆ ಹೆಚ್ಚಿನ ಗಮನ ಬೇಕು. ಮೇಲಿನ ಸಾಲಿನ ಒತ್ತಕ್ಷರ ಕೆಳಗಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೇರುತ್ತದೆ. ಎರಡೂ ಒಂದೇ ಜಾಗದಲ್ಲಿ ಎದುರಾದರೆ ಅಕ್ಷರಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಸಾಲಿನ ಅಂತರವನ್ನು 1.3 ರಿಂದ ಶುರುಮಾಡಿ, ಒತ್ತು ಮತ್ತು ಗುಡಿಸು ಬಿಡಿಬಿಡಿಯಾಗಿ ಕಾಣುವವರೆಗೆ ಹೆಚ್ಚಿಸುತ್ತಾ ಹೋಗಿ. ಗುಳ್ಳೆಯ ಕೆಳಗಿನ ಅಂಚಿನಲ್ಲೂ ಒತ್ತಕ್ಷರಕ್ಕಾಗಿ ಒಂದಿಷ್ಟು ಹೆಚ್ಚು ಜಾಗ ಬಿಟ್ಟಿರಬೇಕು. ಸಾಲು ಮುರಿಯುವಾಗ ಅರ್ಥವನ್ನು ಅನುಸರಿಸಿ: ‘ಇನ್ನೊಂದೇ ತುತ್ತು,’ ಒಂದು ಸಾಲು, ‘ಚಿನ್ನಾ’ ಇನ್ನೊಂದು ಸಾಲು. ಪದವನ್ನು ನಡುವೆ ತುಂಡರಿಸಬಾರದು.

ಆಡುಮಾತನ್ನು ಬರೆಯುವಾಗ ಎದುರಾಗುವ ಇನ್ನೊಂದು ಸಂಗತಿಯಿದೆ. ‘ಸಾಕ್‌ಬಿಡು’, ‘ಹಾಕ್‌ಬೇಡ್ರಿ’ ಎಂಬಂಥ ರೂಪಗಳಲ್ಲಿ ಕಕಾರದ ಮುಂದೆ ಬಕಾರ ಬಂದೊಡನೆ ಗಣಕವು ಅವೆರಡನ್ನೂ ಒತ್ತಕ್ಷರವಾಗಿ ಹೆಣೆದುಬಿಡುತ್ತದೆ, ಓದುವವರು ತಡವರಿಸುತ್ತಾರೆ. ನಡುವೆ ಕಣ್ಣಿಗೆ ಕಾಣದ ತಡೆಯಕ್ಷರವನ್ನು ಹಾಕಿದರೆ ಅವು ಬೇರೆಯಾಗಿಯೇ ಉಳಿಯುತ್ತವೆ. ಇಂಕ್‌ಸ್ಕೇಪ್‌ನಲ್ಲಿ ಪಠ್ಯ ಬರೆಯುತ್ತಿರುವಾಗ ಕಂಟ್ರೋಲ್ ಮತ್ತು ಯು ಕೀಲಿಗಳನ್ನು ಒಟ್ಟಿಗೆ ಒತ್ತಿ, 200 ಎಂಬ ಅಂಕಿಗಳನ್ನೂ ಇಂಗ್ಲಿಷಿನ ಸಿ ಅಕ್ಷರವನ್ನೂ ಒತ್ತಿ ಎಂಟರ್ ಕೊಟ್ಟರೆ ಅದು ಸೇರುತ್ತದೆ.

ಮಾತಿಗೆ ಒತ್ತು ಕೊಡಬೇಕಾದಾಗ ಇಂಗ್ಲಿಷ್ ಕಾಮಿಕ್ಸ್‌ನಂತೆ ದೊಡ್ಡಕ್ಷರಗಳ ನೆರವು ನಮಗಿಲ್ಲ. ಆ ಒಂದು ಪದವನ್ನು ದಪ್ಪ ಮಾಡುವುದು ಅಥವಾ ಗಾತ್ರವನ್ನು ನಾಲ್ಕನೇ ಒಂದು ಪಾಲು ಹಿಗ್ಗಿಸುವುದು, ಕೂಗನ್ನು ‘ಸಾಕೂ!’ ಎಂದು ದೀರ್ಘ ಮಾಡುವುದು, ಇವು ನಮ್ಮ ದಾರಿಗಳು.

ಎಲ್ಲವೂ ಸರಿಯೆನಿಸಿದ ಮೇಲೆ ಕೆಳಗಿನ ವಿಡಿಯೊ ಚಿತ್ರದ ಲೇಯರನ್ನು ಮರೆಮಾಡಿ, ಎಕ್ಸ್‌ಪೋರ್ಟ್‌ನಲ್ಲಿ ಪೇಜ್ ಆರಿಸಿ, ಪಿಎನ್‌ಜಿ ರೂಪದಲ್ಲಿ ಉಳಿಸಿ. ಜೆಪೆಗ್ ಬೇಡ, ಅದರಲ್ಲಿ ಪಾರದರ್ಶಕತೆ ಇಲ್ಲದ ಕಾರಣ ಗುಳ್ಳೆಯ ಸುತ್ತಲೂ ಬಣ್ಣ ತುಂಬಿಕೊಂಡು ವಿಡಿಯೊ ಪೂರ್ತಿ ಮುಚ್ಚಿಹೋಗುತ್ತದೆ. ಗುಳ್ಳೆಯನ್ನಷ್ಟೇ ಕತ್ತರಿಸಿ ತೆಗೆಯದೆ ಇಡೀ ಪುಟವನ್ನೇ ಉಳಿಸುವುದರಲ್ಲಿ ಲಾಭವಿದೆ: ಚಿತ್ರದ ಅಳತೆಯೂ ವಿಡಿಯೊದ ಅಳತೆಯೂ ಒಂದೇ ಆಗಿರುವುದರಿಂದ, ಶಾಟ್‌ಕಟ್‌ನಲ್ಲಿ ಅದನ್ನು ಇಟ್ಟೊಡನೆ ಗುಳ್ಳೆ ನೀವು ಬಿಡಿಸಿದ ಜಾಗದಲ್ಲೇ ಇರುತ್ತದೆ, ಎಳೆದಾಡುವ ಕೆಲಸವೇ ಬೀಳುವುದಿಲ್ಲ.

ಶಾಟ್‌ಕಟ್‌ನಲ್ಲಿ ಜೋಡಣೆ ಮತ್ತು ಸಮಯ

ಮೊಬೈಲಿನ ವಿಡಿಯೊವನ್ನು ತೆರೆದಾಗ ಫ್ರೇಮುಗಳ ವೇಗ ಒಂದೇ ಸಮನಾಗಿಲ್ಲವೆಂದು ಹೇಳಿ, ಎಡಿಟಿಂಗ್‌ಗೆ ಅನುಕೂಲವಾದ ರೂಪಕ್ಕೆ ಬದಲಾಯಿಸಲೇ ಎಂದು ಶಾಟ್‌ಕಟ್ ಕೇಳಬಹುದು. ಒಪ್ಪಿಕೊಳ್ಳಿ. ಹಾಗೆ ಮಾಡದಿದ್ದರೆ ತುಣುಕಿನ ಕೊನೆಯ ಹೊತ್ತಿಗೆ ಧ್ವನಿಯೂ ಚಿತ್ರವೂ ಹಿಂದುಮುಂದಾಗುವ ಸಂಭವವಿದೆ. ಕೈ ನಡುಗಿ ಚಿತ್ರ ಬಹಳ ಅಲುಗಾಡಿದ್ದರೆ ಸ್ಟೆಬಿಲೈಜ್ ಫಿಲ್ಟರನ್ನು ಎಲ್ಲಕ್ಕಿಂತ ಮೊದಲು ಹಾಕಿ, ಗುಳ್ಳೆಗೆ ಬೇಕಾದ ಫ್ರೇಮನ್ನು ಆಮೇಲೆ ತೆಗೆಯಿರಿ. ಈ ಫಿಲ್ಟರ್ ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಸರಿಸುವುದರಿಂದ, ಕ್ರಮ ಅದಲುಬದಲಾದರೆ ಬಾಲ ಬೇರೆಲ್ಲಿಗೋ ತೋರುತ್ತದೆ.

ವಿಡಿಯೊವನ್ನು ಟೈಮ್‌ಲೈನ್‌ಗೆ, ಅಂದರೆ ತುಣುಕುಗಳನ್ನು ಸಮಯದ ಕ್ರಮದಲ್ಲಿ ಜೋಡಿಸುವ ಪಟ್ಟಿಗೆ, ಎಳೆದು ತಂದು, ಕಂಟ್ರೋಲ್ ಮತ್ತು ಐ ಒತ್ತಿ ಅದರ ಮೇಲೆ ಇನ್ನೊಂದು ವಿಡಿಯೊ ಟ್ರ್ಯಾಕ್ ಸೇರಿಸಿ, ಗುಳ್ಳೆಯ ಚಿತ್ರವನ್ನು ಆ ಮೇಲಿನ ಟ್ರ್ಯಾಕ್‌ನಲ್ಲಿ ಇಡಿ. ಅದರ ಎರಡು ತುದಿಗಳನ್ನು ಎಳೆದರೆ ಗುಳ್ಳೆ ಕಾಣುವ ಅವಧಿ ಹೆಚ್ಚುಕಡಿಮೆಯಾಗುತ್ತದೆ. ಇಬ್ಬರ ಗುಳ್ಳೆಗಳು ಒಂದೇ ಹೊತ್ತಿನಲ್ಲಿ ಕಾಣಬೇಕಿದ್ದರೆ ಎರಡನೆಯದಕ್ಕೆ ಮತ್ತೊಂದು ಟ್ರ್ಯಾಕ್ ಬೇಕು.

ಗುಳ್ಳೆ ಯಾವಾಗ ಬರಬೇಕೆಂಬುದರ ಮೇಲೆ ನಗು ನಿಂತಿದೆ. ಮಗು ಮುಖ ಕಿವಿಚುವ ಮೊದಲೇ ‘ಇದೇನಪ್ಪಾ ಇದು?’ ಎಂದು ಬಂದರೆ ಆಗಬೇಕಾದದ್ದನ್ನು ಮುಂಚೆಯೇ ಹೇಳಿಬಿಟ್ಟಂತೆ. ಮುಖ ಬದಲಾಗಲು ಶುರುವಾಗಲಿ, ನೋಡುವವರು ಅದನ್ನು ಗಮನಿಸಲಿ, ಅರ್ಧ ಸೆಕೆಂಡು ಕಳೆದ ಮೇಲೆ ಗುಳ್ಳೆ ಬರಲಿ. ಅಜ್ಜಿಯ ಮಾತಾದರೋ ಚಮಚವನ್ನು ಎತ್ತುವ ಹೊತ್ತಿಗೇ ಬರಬೇಕು, ಏಕೆಂದರೆ ಅಲ್ಲಿ ಮಾತೂ ಕೈಯ ಕೆಲಸವೂ ಒಟ್ಟಿಗೆ ನಡೆಯುವಂಥವು. ಎಷ್ಟು ಹೊತ್ತು ಇರಬೇಕೆಂಬುದಕ್ಕೆ, ಗುಳ್ಳೆಯ ಮಾತನ್ನು ಅವಸರವಿಲ್ಲದೆ ಎರಡು ಸಲ ಗಟ್ಟಿಯಾಗಿ ಓದಿ ನೋಡಿ, ಅಷ್ಟು ಹೊತ್ತು ಇಡಿ. ಬರೆದವರಿಗೆ ಮಾತು ಮೊದಲೇ ಗೊತ್ತಿರುವುದರಿಂದ ಒಂದು ಸಲದ ಓದು ಸಾಕೆನಿಸುತ್ತದೆ, ಮೊದಲ ಬಾರಿ ನೋಡುವ ದೊಡ್ಡಮ್ಮನಿಗೆ ಅದು ಸಾಲದು. ದೃಶ್ಯ ಬದಲಾಗುವುದಕ್ಕೆ ಸ್ವಲ್ಪ ಮೊದಲೇ ಗುಳ್ಳೆ ಮರೆಯಾಗಿ, ಮುಖವೊಂದೇ ಒಂದು ಕ್ಷಣ ಉಳಿಯುವಂತಿರಲಿ.

ಮುಖಭಾವ ಒಂದೇ ಸೆಕೆಂಡಿನಲ್ಲಿ ಹಾದುಹೋಗಿ ಗುಳ್ಳೆ ಓದಲು ಸಮಯ ಸಾಲದಿದ್ದರೆ ಎರಡು ಉಪಾಯಗಳಿವೆ. ಆ ಫ್ರೇಮನ್ನು ಚಿತ್ರವಾಗಿ ಉಳಿಸಿಕೊಂಡು, ವಿಡಿಯೊವನ್ನು ಅಲ್ಲಿ ಎಸ್ ಕೀಲಿಯಿಂದ ತುಂಡರಿಸಿ, ನಡುವೆ ಆ ಚಿತ್ರವನ್ನು ಎರಡು ಸೆಕೆಂಡು ಸೇರಿಸಿದರೆ ದೃಶ್ಯ ಹಿಡಿದು ನಿಲ್ಲಿಸಿದಂತಾಗುತ್ತದೆ; ಕಾಮಿಕ್ಸ್‌ನ ಗುಣಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಅಥವಾ ತುಣುಕಿನ ಪ್ರಾಪರ್ಟೀಸ್‌ನಲ್ಲಿ ವೇಗವನ್ನು 0.5 ಕ್ಕೆ ಇಳಿಸಬಹುದು, ಆದರೆ ಸೆಕೆಂಡಿಗೆ 30 ಫ್ರೇಮಿನಲ್ಲಿ ಹಿಡಿದ ವಿಡಿಯೊ ಆಗ 15 ಫ್ರೇಮಿನಷ್ಟೇ ಆಗಿ ತಡೆತಡೆದು ಓಡುತ್ತದೆ. 60 ಫ್ರೇಮಿನಲ್ಲಿ ಹಿಡಿದದ್ದಾದರೆ ಈ ದೋಷ ಕಾಣುವುದಿಲ್ಲ.

ಗುಳ್ಳೆ ಬರುವ ಬಗೆ ಸರಳವಾಗಿರಲಿ. ಫೇಡ್ ಇನ್ ವಿಡಿಯೊ ಫಿಲ್ಟರ್ ಹಾಕಿ, ಕಪ್ಪಿನಿಂದ ಬರುವ ಬದಲು ಪಾರದರ್ಶಕತೆಯಿಂದ ಬರುವ ಆಯ್ಕೆಗೆ ಗುರುತು ಹಾಕಿ, ಅವಧಿಯನ್ನು ಮೂರು ನಾಲ್ಕು ಫ್ರೇಮಿಗೆ ಇಳಿಸಿದರೆ ಸಾಕು. ಚಿಕ್ಕದಾಗಿ ಹುಟ್ಟಿ ಪುಟಿದು ದೊಡ್ಡದಾಗುವ ಗುಳ್ಳೆ ಬೇಕೆನಿಸಿದರೆ ಸೈಜ್, ಪೊಸಿಷನ್ ಆ್ಯಂಡ್ ರೊಟೇಟ್ ಫಿಲ್ಟರ್‌ನಲ್ಲಿ ಕೀಫ್ರೇಮ್‌ಗಳನ್ನು, ಅಂದರೆ ಯಾವ ಕ್ಷಣದಲ್ಲಿ ಗಾತ್ರ, ಸ್ಥಾನ ಎಷ್ಟಿರಬೇಕೆಂಬ ಗುರುತುಗಳನ್ನು, ಇಡಬೇಕಾಗುತ್ತದೆ, ಆದರೆ ಇಡೀ ಪುಟದ ಚಿತ್ರವನ್ನು ಹಾಗೆ ಹಿಗ್ಗಿಸಿದರೆ ಗುಳ್ಳೆ ತನ್ನ ಜಾಗದಲ್ಲಿ ಬೆಳೆಯದೆ ಪರದೆಯ ನಡುವಿನಿಂದ ಹಾರಿ ಬರುತ್ತದೆ. ಅಂಥ ಗುಳ್ಳೆಯನ್ನು ಮಾತ್ರ ಇಂಕ್‌ಸ್ಕೇಪ್‌ನಲ್ಲಿ ಪೇಜ್ ಬದಲು ಸೆಲೆಕ್ಷನ್ ಎಂದು ಬೇರೆಯಾಗಿ ಉಳಿಸಿಕೊಂಡು ಕೈಯಾರೆ ಜಾಗಕ್ಕೆ ಕೂರಿಸಬೇಕು. ಪ್ರತಿ ಗುಳ್ಳೆಗೂ ಈ ಶ್ರಮ ತಕ್ಕದ್ದಲ್ಲ, ‘ಸಾಕು!’ ಒಂದಕ್ಕೆ ಮಾಡಿದರೆ ಅದಕ್ಕೆ ಬೆಲೆಯೂ ಬರುತ್ತದೆ.

ವ್ಯಕ್ತಿ ನಡೆದಾಡುತ್ತಿದ್ದರೆ ಗುಳ್ಳೆಯೂ ಜೊತೆಗೆ ಸರಿಯಬೇಕಾಗುತ್ತದೆ. ಅದೇ ಫಿಲ್ಟರ್‌ನಲ್ಲಿ ಗುಳ್ಳೆಯ ಆರಂಭಕ್ಕೊಂದು, ಅಂತ್ಯಕ್ಕೊಂದು ಕೀಫ್ರೇಮ್ ಇಟ್ಟು ಎರಡು ಸ್ಥಾನಗಳನ್ನು ಹೇಳಿದರೆ ನಡುವಿನ ಚಲನೆಯನ್ನು ಶಾಟ್‌ಕಟ್ ತಾನೇ ತುಂಬುತ್ತದೆ. ನೇರ ನಡಿಗೆಗೆ ಇಷ್ಟೇ ಸಾಕು. ಓಡುವ ಮಗುವಿನಂಥ ಅಂಕೆಯಿಲ್ಲದ ಚಲನೆಗೆ ಮೋಷನ್ ಟ್ರ್ಯಾಕರ್ ಫಿಲ್ಟರ್ ಇದೆ. ಅದನ್ನು ಕೆಳಗಿನ ವಿಡಿಯೊಗೆ ಹಾಕಿ, ತಲೆಯ ಸುತ್ತ ಚೌಕವನ್ನು ಇಟ್ಟು, ಅನಲೈಜ್ ಒತ್ತಿ, ಅದು ಕಂಡುಕೊಂಡ ಚಲನೆಯನ್ನು ಗುಳ್ಳೆಯ ಫಿಲ್ಟರಿಗೆ ತುಂಬಿಕೊಳ್ಳಬಹುದು. ಎಲ್ಲ ಕುಲುಕಾಟವನ್ನೂ ಗುಳ್ಳೆಗೆ ಅಂಟಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಅಲುಗಾಡುವ ಅಕ್ಷರವನ್ನು ಓದುವುದು ಕಷ್ಟ. ಬಾಲವು ಬಾಯಿಯ ನೇರದಿಂದ ಒಂದಿಷ್ಟು ಸರಿದರೆ ಯಾರೂ ಗಮನಿಸುವುದಿಲ್ಲ.

ಮೊಬೈಲಿನಲ್ಲಿಯೇ ಅಥವಾ ಕಾಗದದಿಂದಲೇ ಮಾಡುವುದಾದರೆ

ಕಂಪ್ಯೂಟರ್ ಇಲ್ಲದವರು ಕೈನ್‌ಮಾಸ್ಟರ್ ಅಥವಾ ಇನ್‌ಶಾಟ್‌ನಂಥ ಆ್ಯಪ್‌ಗಳಲ್ಲಿ ವಿಡಿಯೊದ ಮೇಲೆ ಚಿತ್ರವನ್ನು ಪದರವಾಗಿ ಇಡಬಹುದು. ಅವುಗಳಲ್ಲಿ ಸಿದ್ಧ ಗುಳ್ಳೆಗಳೂ ಸಿಗುತ್ತವೆ, ಆದರೆ ಅಕ್ಷರ ಒಡೆಯುತ್ತದೆಯೇ ಎಂಬುದನ್ನು ‘ಅಜ್ಜಿ’, ‘ಇನ್ನೊಂದು’, ‘ಸ್ವಲ್ಪ’ ಎಂಬಂಥ ಪದಗಳನ್ನು ಬರೆದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಒಡೆದರೆ, ಬೇರೆ ಕಡೆ ಮಾಡಿದ ಪಿಎನ್‌ಜಿ ಚಿತ್ರವನ್ನೇ ತಂದು ಸೇರಿಸಿ. ಉಚಿತ ಆವೃತ್ತಿಯಲ್ಲಿ ಆ್ಯಪ್‌ನ ಗುರುತು ಮೂಲೆಯಲ್ಲಿ ಉಳಿಯಬಹುದು.

ಮನೆಯಲ್ಲಿ ಮಕ್ಕಳಿದ್ದರೆ ಕಾಗದದ ದಾರಿ ಹೆಚ್ಚು ಸೊಗಸು. ಬಿಳಿ ಡ್ರಾಯಿಂಗ್ ಹಾಳೆಯಲ್ಲಿ ಗುಳ್ಳೆಯನ್ನು ಕತ್ತರಿಸಿ, ದಪ್ಪ ಮಾರ್ಕರ್‌ನಿಂದ ಅಂಚನ್ನೂ ಮಾತನ್ನೂ ಅವರ ಕೈಯಿಂದಲೇ ಬರೆಸಿ, ಅಚ್ಚ ಹಸಿರು ಚಾರ್ಟ್ ಕಾಗದದ ಮೇಲಿಟ್ಟು, ನೆರಳು ಬೀಳದ ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಆ ಫೋಟೊವನ್ನು ಮೇಲಿನ ಟ್ರ್ಯಾಕ್‌ನಲ್ಲಿಟ್ಟು ಕ್ರೋಮಾ ಕೀ: ಸಿಂಪಲ್ ಫಿಲ್ಟರಿನಲ್ಲಿ ಹಸಿರನ್ನು ಆರಿಸಿದರೆ ಹಿನ್ನೆಲೆ ಮಾಯವಾಗಿ ಗುಳ್ಳೆಯಷ್ಟೇ ಉಳಿಯುತ್ತದೆ. ಫಿಲ್ಟರ್ ಕೆಲಸ ಮಾಡುವುದು ಆ ಫೋಟೊದ ಮೇಲೆ ಮಾತ್ರವಾದ್ದರಿಂದ ವಿಡಿಯೊದಲ್ಲಿ ಯಾರಾದರೂ ಹಸಿರು ಸೀರೆ ಉಟ್ಟಿದ್ದರೂ ಚಿಂತೆಯಿಲ್ಲ. ಕಾಗುಣಿತ ತಪ್ಪಿದ ಮಕ್ಕಳ ಬರಹವನ್ನು ತಿದ್ದದೆ ಬಿಡುವುದು ನನಗಿಷ್ಟ.

ಹೊರತೆಗೆದು ಕಳಿಸುವುದು

ಎಕ್ಸ್‌ಪೋರ್ಟ್‌ನಲ್ಲಿ ಶಾಟ್‌ಕಟ್ ತಾನಾಗಿ ಸೂಚಿಸುವ ಎಚ್.264 ಮತ್ತು ಎಎಸಿ ಜೋಡಿಯ ಎಂಪಿ4 ಎಲ್ಲ ಫೋನುಗಳಲ್ಲೂ ಓಡುತ್ತದೆ. ಹೊರಬಂದ ವಿಡಿಯೊವನ್ನು ಕಂಪ್ಯೂಟರಿನಲ್ಲಿ ನೋಡಿ ತೃಪ್ತಿಪಡದೆ, ಕೈಯಳತೆಯ ದೂರದಲ್ಲಿ ಹಿಡಿದ ಫೋನಿನಲ್ಲಿ ಒಮ್ಮೆ ನೋಡಿ. ಅಕ್ಷರ ಅಲ್ಲಿ ಓದಲು ಬಂದರೆ ಮಾತ್ರ ಗಾತ್ರ ಸರಿಯಿದೆ ಎಂದರ್ಥ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗಿ ಅಕ್ಷರಗಳ ಅಂಚು ಮಸುಕಾಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದಂತೆಯೇ ತಲುಪುತ್ತದೆ.

ಮೂಲ ವಿಡಿಯೊ, ಇಂಕ್‌ಸ್ಕೇಪ್‌ನ ಎಸ್‌ವಿಜಿ ಕಡತ, ಪಿಎನ್‌ಜಿ ಚಿತ್ರಗಳು ಮತ್ತು ಶಾಟ್‌ಕಟ್‌ನ ಪ್ರಾಜೆಕ್ಟ್ ಕಡತ ಇವೆಲ್ಲವನ್ನೂ ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಶಾಟ್‌ಕಟ್‌ನ ಪ್ರಾಜೆಕ್ಟ್ ಕಡತದಲ್ಲಿ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆಯೆಂಬ ಗುರುತಷ್ಟೇ ಇರುತ್ತದೆ. ಆ ಗುರುತು ತಪ್ಪಿದರೆ ಶಾಟ್‌ಕಟ್‌ಗೆ ವಿಡಿಯೊ ಸಿಗುವುದಿಲ್ಲ. ಎಸ್‌ವಿಜಿಯಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಉಳಿದಿರುವುದರಿಂದ ಅಜ್ಜಿಯ ಮಾತನ್ನು ಮುಂದೆ ಬದಲಾಯಿಸಬೇಕೆಂದು ಯಾರಾದರೂ ಕೇಳಿದರೆ ಅಲ್ಲಿ ತಿದ್ದಿ, ಅದೇ ಹೆಸರಿನ ಪಿಎನ್‌ಜಿಯಾಗಿ ಮತ್ತೆ ಉಳಿಸಿ, ಪ್ರಾಜೆಕ್ಟನ್ನು ಹೊಸದಾಗಿ ತೆರೆದರೆ ಬದಲಾದ ಗುಳ್ಳೆ ತನ್ನ ಜಾಗದಲ್ಲಿ ಬಂದಿರುತ್ತದೆ. ಬೇರೆ ಕಂಪ್ಯೂಟರಿನಲ್ಲಿ ಈ ತಿದ್ದುಪಡಿ ಮಾಡುವುದಿದ್ದರೆ ಬಳಸಿದ ಅಕ್ಷರಶೈಲಿಯನ್ನು ಅಲ್ಲಿಯೂ ಮೊದಲು ಸ್ಥಾಪಿಸಿಕೊಂಡಿರಬೇಕು.